ಗೂಟದೊಳಗಿನ ಸಂಸಾರ

ನನ್ನ ಆರಾಮಕುರ್ಚಿಯಲ್ಲಿ ಈಗ ಕೂತಿರುವುದು ನಾನಲ್ಲ. ಮತ್ತೆ ಯಾರು ಎಂದು ಹೇಳುವ ಮೊದಲು, ಇದರಲ್ಲಿ ನನ್ನ ತಪ್ಪೇನೂ ಇಲ್ಲ ಎಂದು ಹೇಳಿಬಿಡುತ್ತೇನೆ. (ನನ್ನವಳನ್ನು ಕೇಳಿದರೆ ಬೇರೆಯೇ ಹೇಳುತ್ತಾಳೆ. ಕೇಳಬೇಡಿ.)

ನಾನು ಮನೆಅಳಿಯ. ಮನೆ, ಅದರ ಹಿಂದಿನ ಬರಡು ಜಮೀನು, ಎರಡೂ ಮಾವನವರು ಮಗಳಿಗೆ ಬಿಟ್ಟುಹೋದದ್ದು. ಆ ಜಮೀನನ್ನು ಅದರ ಪಾಡಿಗೆ ಕಾಡಾಗಲು ಬಿಟ್ಟರೆ, ನೀರು ಇಂಗಿತು, ಹಕ್ಕಿ ಬಂತು, ಗಾಳಿ ತಂಪಾಯಿತು ಎಂದು ಪರಿಸರ ಕಚೇರಿಯವರು ವರ್ಷವರ್ಷವೂ ಹಣ ಕೊಡುತ್ತಾರಂತೆ. ಏನೂ ಮಾಡದೆ ಇರುವುದಕ್ಕೆ ಸಂಬಳ! ನನ್ನಂಥ ಅರ್ಹ ಮಹಾಪುರುಷ ಈ ಭೂಮಂಡಲದಲ್ಲೇ ಇನ್ನೊಬ್ಬನಿಲ್ಲ. ಷರತ್ತು ಇಷ್ಟೇ: ಗಡಿಗೂಟಗಳ ಒಳಗೆ ತಾನಾಗಿ ಬಂದದ್ದನ್ನು ಕೀಳಬಾರದು, ಹೊರಗಿನಿಂದ ತಂದದ್ದನ್ನು ಇಟ್ಟುಕೊಳ್ಳಬಾರದು. ಜಾಗ ಹೆಚ್ಚಿದಷ್ಟೂ ಹಣ ಹೆಚ್ಚು ಎಂದು ತಿಳಿದದ್ದೇ ತಡ, ಮನೆಯ ಹಿಂದೆ ನೆಡಬೇಕಾದ ಗೂಟಗಳನ್ನು ಬೀದಿಯಂಚಿಗೆ ನೆಟ್ಟುಬಿಟ್ಟೆ. ಮನೆಯೂ ಕಾಡಿನ ಲೆಕ್ಕಕ್ಕೆ ಸೇರಿತು.

ಮಳೆಗಾಲ ಕಳೆಯುವಷ್ಟರಲ್ಲಿ ಅಡುಗೆಮನೆಯ ಕಿಟಕಿಯಿಂದ ಒಂದು ಬಳ್ಳಿ ಒಳಗೆ ಬಂತು. ಅದರ ಬುಡ ಎಲ್ಲಿದೆಯೆಂದು ಇಡೀ ಜಮೀನು ಹುಡುಕಿದೆ, ಸಿಗಲಿಲ್ಲ.

"ರೀ, ನೋಡ್ತಾ ಇದ್ರೆ ಸುಮ್ನಿರುತ್ತೆ. ಬೆನ್ನು ತಿರುಗಿಸಿದ್ರೆ ಮುಂದೆ ಬಂದಿರುತ್ತೆ. ಕತ್ತರಿಸಿ ಹಾಕ್ಲಾ?"

"ಮುಟ್ಟಿದ್ರೆ ಜೋಕೆ! ಒಂದೊಂದ್ ಎಲೆಗೂ ದುಡ್ಡಿದೆ ಕಣೇ."

"ನಂಗೆ ಭಯ ಆಗುತ್ತೆ ಅಂದ್ರೆ..."

"ನಿಂಗೆ ಭಯಾನಾ? ನಿನ್ನ ಜೊತೆ ಮಾತಾಡಿ ನೋಡ್ಲಿ, ಅದೇ ಹೆದರಿ ಓಡುತ್ತೆ!"

ಅವಳು ಅಂದಿನಿಂದ ಹಟಕ್ಕೆ ಬಿದ್ದು ಅದರ ಜೊತೆ ಮಾತಾಡತೊಡಗಿದಳು. ಬಳ್ಳಿ ಓಡಲಿಲ್ಲ. ಊಟದ ಮೇಜು, ಟೀವಿ ಯಾವುದಕ್ಕೂ ಸುತ್ತಿಕೊಳ್ಳದೆ ನೆಟ್ಟಗೆ ನನ್ನ ಕುರ್ಚಿಯ ಕಡೆ ಹೊರಟಿತು. ಒಂದು ಬೆಳಗ್ಗೆ ನಾನು ಹಲ್ಲುಜ್ಜಿ ಬರುವಷ್ಟರಲ್ಲಿ ಕುರ್ಚಿಯ ತುಂಬ ಎಲೆ. ತಲೆ, ಹೆಗಲು, ಕಾಲಮೇಲೆ ಕಾಲು. ಹೊಟ್ಟೆಯಂತೂ ಥೇಟ್ ನನ್ನದೇ.

ಅದೇ ದಿನ ಕಚೇರಿಯ ಅಧಿಕಾರಿ ಪರಿಶೀಲನೆಗೆ ಬಂದರು. "ನಮಸ್ಕಾರ ಯಜಮಾನ್ರೇ" ಎಂದು ಕುರ್ಚಿಗೆ ಹೇಳಿ, ನನ್ನತ್ತ ತಿರುಗಿ, "ಇವರ್ಯಾರು?" ಎಂದರು.

"ಸಾರ್, ಯಜಮಾನ ನಾನು! ಮೊದ್ಲು ಇದನ್ನ ಕಿತ್ತು ಹಾಕ್ಸಿ!"

"ತಾನಾಗಿ ಬಂದಿದ್ದನ್ನ ಕೀಳೋ ಹಾಗಿಲ್ವಲ್ಲ. ನೀವೇ ಒಪ್ಪಿದ್ದೀರಿ." ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ನೀವು ಈ ಮನೆಗೆ ನೀವಾಗೇ ಬಂದ್ರಾ?"

ನಾನು ಬಾಯಿ ತೆರೆಯುವ ಮುನ್ನ ನನ್ನವಳು, "ಇಲ್ಲ ಸಾರ್, ನಮ್ಮಪ್ಪ ಹೊರಗಿಂದ ಹುಡುಕಿ ತಂದಿದ್ದು" ಎಂದಳು.

ಈಗ ಗೂಟದ ಆಚೆ, ಬೀದಿಯಲ್ಲಿ, ಸ್ಟೂಲಿನ ಮೇಲೆ ಕೂತಿದ್ದೇನೆ. ಒಳಗೆ ಅವಳು ಕುರ್ಚಿಯ ಮುಂದೆ ಚಹಾ ಇಟ್ಟು ಪಕ್ಕದ ಮನೆಯವರ ಸುದ್ದಿಯನ್ನೆಲ್ಲ ಹೇಳುತ್ತಾಳೆ. ಗಾಳಿಯೇ ಇಲ್ಲದಿದ್ದರೂ ಅದು ಪ್ರತಿ ಮಾತಿಗೂ ತಲೆಯಾಡಿಸುತ್ತದೆ. ನಿಜ ಹೇಳಬೇಕೆಂದರೆ ನನಗೆ ಹೆದರಿಕೆಗಿಂತ ಹೊಟ್ಟೆಕಿಚ್ಚೇ ಹೆಚ್ಚು.

ನಿನ್ನೆ ಅವಳು "ರೀ..." ಎಂದು ಕೂಗಿದಳು. ಅಂತೂ ನೆನಪಾಯಿತಲ್ಲ ಎಂದು ಎದ್ದುಬಿದ್ದು ಗೂಟದವರೆಗೆ ಓಡಿದೆ.

"ಏನೇ?" ಎಂದು ಒಳಗಿನಿಂದ, ನನ್ನದೇ ದನಿಯಲ್ಲಿ, ಯಾರೋ ಓಗೊಟ್ಟರು.