ಹುಳದ ಜೀನ್ ಬಂದ್ ಮಾಡಲು ಹೋಗಿ

ನಾಲ್ಕಾರು ದೇಶಗಳಲ್ಲಿ ಹುಳಗಳ ಬೆನ್ನು ಹತ್ತಿ ತಿರುಗಿದವಳು ನಾನು. ಆದರೂ ನಮ್ಮ ಸೀಮೆಯಲ್ಲಿ ಬಾಯಿ ತೆರೆದರೆ ಏನಾದರೊಂದು ಆಗಿಯೇ ತೀರುತ್ತದೆ. ಕುರಿಯ ಹೊಟ್ಟೆಯಲ್ಲಿ ರಕ್ತ ಹೀರುವ ಹುಳ ಮಾಮೂಲಿ ಔಷಧಕ್ಕೆ ಬಗ್ಗುತ್ತಿಲ್ಲ. ಅದರ ಜೀನನ್ನೇ ಸುಮ್ಮನಾಗಿಸುವ ‘ಆಂಟಿಸೆನ್ಸ್’ ಅಣುವೊಂದು ನಮ್ಮ ಲ್ಯಾಬಿನಲ್ಲಿ ಸಿದ್ಧವಾಗಿತ್ತು. ಪರೀಕ್ಷೆಗೆ ಜೀವಂತ ಹುಳ ಬೇಕು. ಸಿಗದಿದ್ದರೆ ಕೆಲಸ ಅಲ್ಲಿಗೇ ಮುಗಿಯಿತು.

೧. ಲಿಂಗಸುಗೂರು

ದನದ ಆಸ್ಪತ್ರೆಯ ಮುಂದೆ ಸೇರಿದ್ದ ರೈತರಿಗೆ, “ನಾವು ಜೀನ್ ಬಂದ್ ಮಾಡ್ತೀವಿ” ಅಂದೆ. ಹಿರಿಯರೊಬ್ಬರು ಎದ್ದರು.

“ಹತ್ತಿ ಬಿಡಸಾಕತ್ತೀವ್ರಿ ಅಕ್ಕಾರ. ಈಗ ಜೀನ್ ಬಂದ್ ಮಾಡಿದ್ರ ಹತ್ತಿ ಎಲ್ಲಿ ಹಾಕೂನು?”

ಇಲ್ಲಿ ಜೀನ್ ಅಂದರೆ ಹತ್ತಿಯಿಂದ ಬೀಜ ಬಿಡಿಸುವ ಗಿರಣಿ. ಮರೆತಿದ್ದೆ. “ಅದಲ್ರಿ, ಹುಳದೊಳಗಿನ ಜೀನ್.”

“ಹುಳದಾಗೂ ಜೀನ್ ಹಾಕ್ಯಾರೇನ್ರಿ? ಸಾಹುಕಾರ್ರು ಒಂದು ಜಾಗಾನೂ ಬಿಟ್ಟಿಲ್ಲ ನೋಡ್ರಿ.”

೨. ಮಸ್ಕಿ

ಮಟನ್ ಅಂಗಡಿಯಲ್ಲಿ ಗಿರಾಕಿಗಳು ನಿಂತಿದ್ದಾಗಲೇ, “ನಿಮ್ಮ ಕುರಿಯಾಗ ಹುಳ ಇದ್ರ ನನಗ ಬೇಕು” ಅಂದುಬಿಟ್ಟೆ. ತೂಗಿಸಿಕೊಂಡವರೂ ಹಿಂದೆ ಸರಿದರು. ಅಂಗಡಿಯವ ಕತ್ತಿ ಕೆಳಗಿಟ್ಟು ಹತ್ತಿರ ಬಂದ.

“ನಮ್ಮಲ್ಲಿ ಹುಳ ಇಲ್ರಿ ಮೇಡಮ್. ಎದುರಿನ ಅಂಗಡ್ಯಾಗ ಕೇಳ್ರಿ. ಆದ್ರ ಅಲ್ಲಿ ಇದಕ್ಕಿಂತ ದೊಡ್ಡ ದನಿಲೆ ಕೇಳ್ರಿ.”

೩. ಸಿಂಧನೂರಿನ ಹತ್ತಿರ, ಗೊರೇಬಾಳ

ಕೊನೆಗೆ ಕುರಿ ಸಾಕುವ ಒಬ್ಬಾಕೆ ಒಪ್ಪಿದಳು. ಅವತ್ತು ಕಾಲುವೆ ದಂಡೆಯಲ್ಲಿ ಅವರ ಕುರಿಯೊಂದನ್ನು ಕೊಯ್ಯುವುದಿತ್ತು. ಹೊಟ್ಟೆಯನ್ನು ಇದ್ದಂಗೇ ತಾ ಅಂತ ಗಂಡನಿಗೆ ಹೇಳಿ ಕಳಿಸಿದಳು. ಹುಳ ಹಾಕಲು ಬೆಚ್ಚನೆಯ ಉಪ್ಪುನೀರು ತುಂಬಿದ ಥರ್ಮಾಸ್ ಹಿಡಿದು ಕೂತೆ.

“ನಿಮ್ಮ ಔಷಧ ಹ್ಯಾಂಗ ಕೆಲಸ ಮಾಡತೈತ್ರಿ?” ಅಂದಳು.

“ಜೀನು ಒಳಗ ಹೇಳಿ ಕಳಿಸ್ತದ, ಇಂಥಾದ್ದು ಮಾಡ್ರಿ ಅಂತ. ಆ ಮಾತಿಗೆ ನಮ್ಮ ಅಣು ನಡುದಾರ್ಯಾಗ ಅಂಟಿಕೊಳ್ತದ. ಹೇಳಿದ್ದು ಹೇಳಿದಂಗ ಇರ್ತದ, ಕೆಲಸ ಮಾತ್ರ ಆಗಂಗಿಲ್ಲ.”

ಅಷ್ಟರಲ್ಲಿ ಗಂಡ ಬುಟ್ಟಿ ಹೊತ್ತು ಬಂದ. ಹೊಟ್ಟೆ ಬೆಳ್ಳಗೆ ಹೊಳೆಯುತ್ತಿತ್ತು.

“ದೊಡ್ಡೋರಿಗೆ ಹೊಲಸು ಹ್ಯಾಂಗ ಕೊಡೂದಂತ ಕಾಲುವ್ಯಾಗ ತಿಕ್ಕಿ ತಿಕ್ಕಿ ತೊಳದೀನ್ರಿ. ಒಂದು ಹುಳಾ ಬಿಟ್ಟಿಲ್ಲ.”

ನಾನು ಥರ್ಮಾಸ್ ಮುಚ್ಚಿದೆ. ಆಕೆ ಗಂಡನನ್ನೇ ನೋಡುತ್ತಾ ಅಂದಳು:

“ಪರೀಕ್ಷಾ ಆತು ಬಿಡ್ರಿ ಅಕ್ಕಾರ. ಹುಳದ ಮ್ಯಾಲ ಹ್ಯಾಂಗೋ ಗೊತ್ತಿಲ್ಲ, ಇವನ ಮ್ಯಾಲ ನಿಮ್ಮ ಔಷಧ ಪಕ್ಕಾ ಕೆಲಸ ಮಾಡೈತಿ.”