ಮೂಳೆ ಮೇಡಮ್ಮನ ಗಾಬರಿಗಳು

ಸೋಲದೇವನಹಳ್ಳಿಯ ನರ್ಸಿಂಗ್ ಕಾಲೇಜೊಂದರಲ್ಲಿ ಅನಾಟಮಿ ಪಾಠ ಮಾಡುವವಳು ನಾನು. ಕ್ಲಾಸಿನಲ್ಲಿ ಸುಮ್ಮನಿರುವ ಮೂಳೆಗಳು ಹೊರಗೆ ಬಂದರೆ ಸಾಕು, ನನಗೊಂದು ಗಾಬರಿ ಗಂಟು ಬೀಳುತ್ತದೆ.

೧. ಹುಳಿ

ಕೋಳಿ ಮೂಳೆಯನ್ನು ವಿನೆಗರ್‌ನಲ್ಲಿ ನೆನೆಹಾಕಿದರೆ ಗಟ್ಟಿತನ ಕೊಡುವ ಸುಣ್ಣದ ಅಂಶ ಕರಗಿ, ನಾರಿನಂಥ ಪ್ರೋಟೀನ್ ಮಾತ್ರ ಉಳಿಯುತ್ತದೆ. ಮೂಳೆ ರಬ್ಬರಿನ ಹಾಗೆ ಬಗ್ಗುತ್ತದೆ. ಕ್ಲಾಸಿಗೆಂದು ಅಬ್ಬಿಗೆರೆಯ ನಮ್ಮ ಮನೆಯಲ್ಲೇ ನೆನೆಹಾಕಿದ್ದೆ. ಅದನ್ನು ಬಗ್ಗಿಸಿ ತೋರಿಸಿದಾಗ ಅತ್ತೆಯ ಮುಖ ಬಿಳುಚಿಕೊಂಡಿತು.

"ಉಣಿಸೆಹಣ್ಣು ತಿಂದ್ರೆ ನಮ್ದೂ ಇಂಗೇ ಆಯ್ತದಾ?"

"ಇಲ್ಲತ್ತೆ, ತಿಂದ ಹುಳಿ ಮೂಳೆಗೆ ಹೋಗಲ್ಲ."

ಆದರೂ ಅಂದಿನಿಂದ ಸಾರಿಗೆ ಹುಣಸೆಹಣ್ಣು ಬಂದ್. ಸಪ್ಪೆ ಸಾರು ಉಂಡೂ ಉಂಡೂ ಸಾಕಾಗಿ ಮತ್ತೆ ವಿವರಿಸಲು ಹೋದೆ. ಅತ್ತೆ ಕೈ ಅಡ್ಡ ಹಿಡಿದರು: "ಪಾಠ ನಿಂದೇ ಕಣಮ್ಮ. ಆದ್ರೆ ಮೂಳೆ ನಂದು."

೨. ಟೊಳ್ಳು

ಯಶವಂತಪುರದ ಇನ್ನೊಂದು ಕಾಲೇಜಿನಲ್ಲಿ ಪಾಠವಿತ್ತು. ಚೀಲದಲ್ಲಿ ತೊಡೆಮೂಳೆ ಇಟ್ಟುಕೊಂಡು ನಾಗಸಂದ್ರ ಮೆಟ್ರೋಗೆ ಹೋದೆ. ತಪಾಸಣೆಯಲ್ಲಿ ಸೆಕ್ಯುರಿಟಿ ಹೆಂಗಸು ತಡೆದಳು.

"ಏನ್ ಮೇಡಂ ಇದು?"

"ಮೂಳೆ. ಮನುಷ್ಯಂದು."

"ಯಾರ್ದು?"

"ಗೊತ್ತಿಲ್ಲ."

ಹೇಳಬಾರದಿದ್ದ ಉತ್ತರ. ಅವಳ ಸಾಹೇಬರು ಓಡಿ ಬಂದರು. ಐಡಿ ಕಾರ್ಡ್ ತೋರಿಸಿದೆ. ಮೂಳೆಯ ನಡುಭಾಗ ಕೊಳವೆಯಂತೆ ಟೊಳ್ಳು, ಅದಕ್ಕೇ ಹಗುರ, ಆದರೂ ಗಟ್ಟಿ ಎಂದು ಒಂದೇ ಉಸಿರಿಗೆ ಒದರಿದೆ.

ಸಾಹೇಬರ ಹುಬ್ಬು ಮೇಲೇರಿತು. "ಟೊಳ್ಳಾ? ಒಳಗೇನಿದೆ?"

"ಮಜ್ಜೆ ಇತ್ತು ಸಾರ್. ಈಗಿಲ್ಲ."

"ಮಾಲ್ ಎಲ್ ಇಳಿಸಿದ್ರಿ?"

೩. ಗೆರೆ

ನಾಲ್ಕನೇ ಕ್ಲಾಸಿನ ಮಗಳು ಸೈಕಲ್ಲಿಂದ ಬಿದ್ದು ಮಣಿಕಟ್ಟು ಊದಿಸಿಕೊಂಡಳು. ಆಟೋದಲ್ಲಿ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅವಳಿಗಿಂತ ಜೋರಾಗಿ ನಾನೇ ಅಳುತ್ತಿದ್ದೆ. ಡಾಕ್ಟರ್ ಎಕ್ಸ್‌ರೇ ತೋರಿಸಿದರು. ಮೂಳೆಯ ತುದಿಯ ಹತ್ತಿರ ಅಡ್ಡಲಾಗಿ ಕಪ್ಪು ಗೆರೆ!

"ಅಯ್ಯೋ ಡಾಕ್ಟ್ರೇ, ಪೂರ್ತಿ ತುಂಡಾಗಿದೆ! ಆಪರೇಷನ್ ಮಾಡ್ಬೇಕಾ?"

ಅವರು ನನ್ನನ್ನು ಕೂರಿಸಿ ನೀರು ಕೊಟ್ಟರು. "ಮೇಡಂ, ಅದು ಮುರಿದಿರೋದಲ್ಲ. ಮಕ್ಕಳ ಮೂಳೆ ಬೆಳೆಯೋದೇ ಆ ಜಾಗದಲ್ಲಿ. ಅಲ್ಲಿರೋ ಮೃದ್ವಸ್ಥಿ ಎಕ್ಸ್‌ರೇಲಿ ಕಾಣಲ್ಲ, ಅದಕ್ಕೇ ಗೆರೆ ಥರ ಇದೆ. ಎಲ್ಲಾ ಮಕ್ಕಳಿಗೂ ಇರುತ್ತೆ. ಇವಳಿಗೆ ಬರೀ ಉಳುಕು."

ಹೋದ ಜೀವ ಬಂತು. ಬೆನ್ನಹಿಂದೆಯೇ ನಾಚಿಕೆಯೂ ಬಂತು. ಪ್ರತಿ ವರ್ಷ ಇದೇ ಗೆರೆಯನ್ನು ಬೋರ್ಡಿನ ಮೇಲೆ ಬರೆದು, "ಇದನ್ನ ಮುರಿತ ಅಂದ್ಕೊಂಡವರು ಪಾಸಾಗಲ್ಲ" ಎಂದು ಹೆದರಿಸುವವಳು ನಾನೇ.

ಡಾಕ್ಟರ್ ಬ್ಯಾಂಡೇಜ್ ಸುತ್ತುತ್ತಾ ಕೇಳಿದರು: "ನೀವೇನ್ ಕೆಲಸ ಮಾಡ್ತೀರಾ ಮೇಡಂ?"

"ಬ್ಯಾಂಕಲ್ಲಿ" ಎಂದೆ.

ಮಗಳು ಅಳು ನಿಲ್ಲಿಸಿ ನನ್ನನ್ನೇ ನೋಡಿದಳು. "ಅಮ್ಮಾ, ನಿನ್ನ ಕಾಲೇಜಿಂದ ತೆಗೆದು ಹಾಕಿದ್ರಾ?"