ವಿಶ್ರಾಂತಿ ಕೊಠಡಿಯ ಮಂಚದ ಮೇಲಿರುವ ಬೆಕ್ಕಮ್ಮನವರಿಗೆ

ಮಾನ್ಯರೇ,

ತಾವು ಸುಖವಾಗಿ ಹೆತ್ತು ಚೇತರಿಸಿಕೊಳ್ಳುತ್ತಿದ್ದೀರೆಂದು ಕೇಳಿ ಸಂತೋಷಪಟ್ಟು, ಇನ್ನೂ ಕಣ್ಣು ಬಿಡದ ತಮ್ಮ ಮರಿಗಳನ್ನು ದೇವರು ಚೆನ್ನಾಗಿಟ್ಟಿರಲಿ ಎಂದು ಬೇಡಿಕೊಂಡು, ಈ ಬಟ್ಟೆ ಒಗೆಯುವ ಕಾರ್ಖಾನೆಯ ಇಸ್ತ್ರಿ ವಿಭಾಗದಿಂದ ಮಾಡುವ ವಿಜ್ಞಾಪನೆ.

ಹೋಟೆಲು, ಆಸ್ಪತ್ರೆಗಳ ಚಾದರವೆಲ್ಲ ಇಲ್ಲಿಗೇ ಬರುವುದು ತಮಗೆ ಗೊತ್ತೇ ಇದೆ. ಬೆಳಗಿನಿಂದ ಉಗಿಯಲ್ಲಿ ನಿಂತು ಬೆಂದುಹೋಗುವ ಹೆಂಗಸರು ಊಟದ ಬಿಡುವಿನಲ್ಲಿ ಕಾಲು ಚಾಚಲು ಮಂಚವಿರುವ ಒಂದು ಕೊಠಡಿ ಕೊಡತಕ್ಕದ್ದು ಎಂದು ಒಪ್ಪಂದದಲ್ಲಿ ಬರೆದು, ಮ್ಯಾನೇಜರ್ ಸಾಹೇಬರೂ ನಮ್ಮ ಸಂಘದವರೂ ಸಹಿ ಹಾಕಿದ್ದಾರೆ. ಕೊಠಡಿ ಬಂತು, ಮಂಚ ಬಂತು, ಹಾಸಿಗೆ ಬಂತು, ಹಾಸಿಗೆ ಕೊಳೆಯಾದೀತೆಂದು ಹಿಂದೆಯೇ ಬೀಗವೂ ಬಂತು. ಒಗೆಯುವ ಕಾರ್ಖಾನೆಯಲ್ಲಿ ಕೊಳೆಯ ಭಯ ನೋಡಿ! ತಾವಾದರೋ ಒಡೆದ ಗಾಳಿಕಿಂಡಿಯಿಂದ ಇಳಿದು, ಯಾರ ಅಪ್ಪಣೆಗೂ ಕಾಯದೆ, ಅದೇ ಹಾಸಿಗೆಯ ನಟ್ಟನಡುವೆ ಹೆತ್ತಿರಿ. ಸಾಹೇಬರು ಬೀಗ ತೆಗೆಸಿ ಇಣುಕಿ, ಪಾಪ ಬಾಣಂತಿ, ಯಾರೂ ತೊಂದರೆ ಕೊಡಬೇಡಿ ಎಂದು ಹಾಲಿನ ಬಟ್ಟಲು ಇಡಿಸಿ, ಮತ್ತೆ ಬೀಗ ಹಾಕಿಸಿದರು. ಅವರ ಮನಸ್ಸು ಬೆಣ್ಣೆಯೇ ಸರಿ, ಬೀಗ ಮಾತ್ರ ಕಬ್ಬಿಣದ್ದು.

ಈ ಕಡೆ ಚಾದರ ಮಡಿಸುವ ನಮ್ಮ ಹುಡುಗಿಗೆ ಏಳು ತಿಂಗಳು ತುಂಬಿದೆ. ಬಿಡುವಿನಲ್ಲಿ ಹಿತ್ತಲ ಮೆಟ್ಟಿಲ ಮೇಲೆ ಕೂತು, ಊದಿದ ಕಾಲನ್ನು ಸೋಪಿನ ಡಬ್ಬದ ಮೇಲೆ ಇಟ್ಟುಕೊಳ್ಳುತ್ತಾಳೆ. ಮೊನ್ನೆ ಕಣ್ಣು ಕತ್ತಲೆ ಬಂದು ಬಿದ್ದಳು. ದೇವರ ದಯೆ, ಬಿದ್ದದ್ದು ಒದ್ದೆ ಬಟ್ಟೆಯ ರಾಶಿಯ ಮೇಲೆ. ಅವತ್ತೇ ನಾವು ಸಂಘದ ಮೂಲಕ ದೂರು ಬರೆದುಕೊಟ್ಟೆವು.

ಸಾಹೇಬರಿಗೆ ಬಹಳ ನೋವಾಯಿತು. ನಾವೆಲ್ಲ ಒಂದೇ ಮನೆಯವರಲ್ಲವೇನಮ್ಮಾ, ಬಾಯಲ್ಲಿ ಒಂದು ಮಾತು ಹೇಳಿದ್ದರೆ ಆಗುತ್ತಿರಲಿಲ್ಲವೇ, ಈ ಹುಡುಗಿಗೆ ಬೇಕಾದರೆ ನನ್ನ ಕೋಣೆಯ ಸೋಫಾನೇ ಬಿಟ್ಟುಕೊಡುತ್ತೇನೆ, ದೂರು ವಾಪಸ್ ತಗೊಳ್ಳಿ ಅಂದರು. ಹುಡುಗಿ ನನ್ನ ಮುಖ ನೋಡಿದಳು. ಅವಳ ಕಾಲು ನೋಡಿ ನಾನು ಹೂಂ ಅನ್ನುವವಳೇ ಇದ್ದೆ. ಅವಳೇ, ಬೇಡ ಸಾರ್, ನಾಳೆ ಬೇರೆಯವಳಿಗೂ ಕಾಲು ಊದುತ್ತದಲ್ಲ, ಅವಳನ್ನೆಲ್ಲಿ ಮಲಗಿಸುತ್ತೀರಿ ಅಂದುಬಿಟ್ಟಳು.

ನಾನು ದಿನಾ ಬೆಳಿಗ್ಗೆ ದೇವರ ಮುಂದೆ ಸೆರಗೊಡ್ಡಿ ಬೇಡುವವಳು. ಅವನು ನಮ್ಮ ಜೊತೆ ಯಾವ ಒಪ್ಪಂದಕ್ಕೂ ಸಹಿ ಹಾಕಿಲ್ಲವಾದ್ದರಿಂದ ಬೇಡುವುದೇ ಸರಿ. ಸಹಿ ಹಾಕಿದವರ ಮುಂದೆಯೂ ಹಾಗೇ ಸೆರಗೊಡ್ಡಿ ನಿಂತರೆ ದೇವರಿಗೂ ಸಾಹೇಬರಿಗೂ ವ್ಯತ್ಯಾಸವೇನು ಉಳಿಯಿತು? ಅಷ್ಟು ದೊಡ್ಡ ಪಾಪ ನನ್ನಿಂದಾಗದು. ಅದಕ್ಕೇ ದೂರು ಬರೆದದ್ದು.

ಆದಕಾರಣ ತಾವು ದಯಮಾಡಿ ಆ ದೂರಿನ ಮೇಲೆ ನಾಳೆ ನಡೆಯುವ ವಿಚಾರಣೆಗೆ ಬಂದು, ಆ ಹಾಸಿಗೆಯ ಮೇಲೆ ಒಂದು ಬಾಣಂತನವೇ ನಡೆದರೂ ಕಾರ್ಖಾನೆ ಮುಳುಗಲಿಲ್ಲವೆಂದು ಸಾಕ್ಷಿ ಹೇಳಬೇಕು. ಅದಾಗದಿದ್ದರೆ ಗಾಳಿಕಿಂಡಿಯಿಂದ ಇಳಿಯುವ ವಿದ್ಯೆಯನ್ನು, ತುಂಬಿದ ಹೊಟ್ಟೆಗೂ ನನ್ನ ಮಂಡಿಗೂ ಒಗ್ಗುವಂತೆ ತಿದ್ದಿ, ನಮಗೆ ಕಲಿಸಬೇಕು. ಅದೂ ಆಗದಿದ್ದರೆ, ಸಾಹೇಬರ ಕಣ್ಣಿಗೆ ನಾವೂ ಬೆಕ್ಕಾಗಿ ಕಾಣುವಂತೆ ಒಂದು ಮಾತು ಶಿಫಾರಸು ಮಾಡಬೇಕಾಗಿ ವಿನಂತಿ.

ಇಂತಿ, ಬಾಗಿಲ ಹೊರಗೆ ನಿಂತೇ ಇರುವ
ತಮ್ಮ ವಿಶ್ವಾಸಿ,
ಇಸ್ತ್ರಿಯಾಕೆ

ಬಿಟ್ಟುಹೋದ ಮಾತು: ಇಷ್ಟು ಬರೆಯುವಷ್ಟರಲ್ಲಿ ಸುದ್ದಿ ಬಂತು. ಬಸುರಿಗಿಲ್ಲದ ಮಂಚ ಬೆಕ್ಕಿಗೇಕೆ ಎಂದು ನಾವು ದೂರಿನಲ್ಲಿ ಕೇಳಿದ್ದಕ್ಕೆ, ಸಾಹೇಬರು ಭೇದಭಾವ ಬೇಡವೆಂದು ತಮ್ಮನ್ನೂ ಮರಿಗಳ ಸಮೇತ ಹೊರಗೆ ಹಾಕಿಸಿ, ಗಾಳಿಕಿಂಡಿಗೆ ಹಲಗೆ ಹೊಡೆಸಿದರಂತೆ. ಅವರು ಮನಸ್ಸಾಗಿ ಕೊಟ್ಟಿದ್ದರು, ಮನಸ್ಸಾಗಿ ಕಿತ್ತುಕೊಂಡರು. ತೋರಿಸಲು ತಮ್ಮ ಹತ್ತಿರ ಒಂದು ಸಹಿಯೂ ಇಲ್ಲ. ನಮ್ಮ ಹತ್ತಿರ ಇದೆ, ನಾಳೆ ತೋರಿಸುತ್ತೇವೆ. ಅಲ್ಲಿಯವರೆಗೆ ಮರಿಗಳನ್ನು ಕಚ್ಚಿಕೊಂಡು ಹಿತ್ತಲ ಮೆಟ್ಟಿಲಿಗೆ ಬನ್ನಿ, ಹುಡುಗಿ ಆಗಲೇ ಸ್ವಲ್ಪ ಸರಿದು ಕೂತಿದ್ದಾಳೆ.